ಹಳೇ ಬೆಂಜ್‌ಗೆ ಮಡಿಕೇರಿಯಲ್ಲಿ ಪಿಕಪ್ ಯಾಕಿಲ್ಲ?

"ಗಾಡಿ ಎಳೀತಾ ಇಲ್ಲ, ಪಿಕಪ್ಪೇ ಇಲ್ಲ." ಮಡಿಕೇರಿಯ ಯಾವ ಗ್ಯಾರೇಜಿನಲ್ಲಿ ಅರ್ಧ ಗಂಟೆ ನಿಂತರೂ ಈ ಮಾತು ಕಿವಿಗೆ ಬೀಳುತ್ತೆ. ಮಾರುತಿ 800 ಆದರೆ ಪ್ಲಗ್ಗು, ಫಿಲ್ಟರ್ ಬದಲಿಸಿ ನೋಡಬಹುದು, ಹೆಚ್ಚು ಕೈ ಕಚ್ಚಲ್ಲ. ಬಂದಿರೋದು 1996ರ ಬೆಂಜ್ ಆದರೆ ಕಥೆಯೇ ಬೇರೆ. ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಗಾಡಿಯ ಬೆಲೆಗಿಂತ ಬಿಲ್ಲೇ ದೊಡ್ಡದಾಗುತ್ತೆ. ಇಂಥ ಗಾಡಿಗಳು ಎಷ್ಟೋ ಸಲ ಗುಜರಿ ಸೇರೋದು ಇಂಜಿನ್ ಸತ್ತಿದ್ದಕ್ಕಲ್ಲ, ರೋಗ ಗೊತ್ತಾಗೋ ಮೊದಲೇ ಮಾಲೀಕರ ದುಡ್ಡು ಮುಗಿದಿದ್ದಕ್ಕೆ.

ಉದಾಹರಣೆಗೆ ಡಬ್ಲ್ಯೂ 124 ತಗೊಳ್ಳೋಣ. 1995ರಲ್ಲಿ ಟೆಲ್ಕೋ ಜೊತೆ ಸೇರಿ ಮರ್ಸಿಡಿಸ್‌ನವರು ಪುಣೆಯಲ್ಲಿ ತಯಾರಿಸಿದ ಮೊದಲ ಕಾರು ಇದು. ಇದರ ಪೆಟ್ರೋಲ್ ಮಾದರಿ ಇ 220ಗೆ 2.2 ಲೀಟರ್‌ನ ನಾಲ್ಕು ಸಿಲಿಂಡರ್ ಇಂಜಿನ್, ಸುಮಾರು 150 ಎಚ್‌ಪಿ. ಟರ್ಬೊ ಇಲ್ಲ. ಈ ಕೊನೇ ಮಾತು ನೆನಪಿರಲಿ.

ಮಡಿಕೇರಿ ಇರೋದು ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲೆ. ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಇರೋ ಗಾಳಿಯ ಒತ್ತಡ ಇಲ್ಲಿ 88ರ ಆಸುಪಾಸು, ಅಂದರೆ ಶೇ 13ರಷ್ಟು ಕಡಿಮೆ. ಇಲ್ಲಿನ ಚಳಿ ಗಾಳಿಯನ್ನು ಸ್ವಲ್ಪ ದಟ್ಟ ಮಾಡೋದರಿಂದ ಸಾಂದ್ರತೆಯ ನಷ್ಟ ಶೇ 10-11ಕ್ಕೆ ನಿಲ್ಲುತ್ತೆ. ಹಾಗಾಗಿ 150 ಎಚ್‌ಪಿ ಇಂಜಿನ್, ಯಾವ ರೋಗವೂ ಇಲ್ಲದೆ, ಸಂಪಾಜೆ ಘಾಟಿ ಹತ್ತಿ ಮೇಲೆ ಬರೋ ಹೊತ್ತಿಗೆ 134ರ ಹತ್ತಿರ ಬಂದಿರುತ್ತೆ. ಈಗಿನ ಟರ್ಬೊ ಗಾಡಿಗಳು ಈ ಕೊರತೆಯನ್ನು ಬಹುಮಟ್ಟಿಗೆ ತಾವೇ ತುಂಬಿಕೊಳ್ತವೆ. ಮನೆಯಲ್ಲಿ ಹೊಸ ಟರ್ಬೊ ಕಾರು ಓಡಿಸಿ ಅಭ್ಯಾಸ ಆದವರಿಗೆ ಹಳೇ ಬೆಂಜ್ ಇನ್ನೂ ಸೋಮಾರಿ ಅನ್ನಿಸೋದು ಸಹಜ. ಆ 16 ಎಚ್‌ಪಿಯನ್ನು ಯಾವ ಮೆಕ್ಯಾನಿಕ್ಕೂ ವಾಪಸ್ ತರೋಕಾಗಲ್ಲ. ನಾವು ಹುಡುಕಬೇಕಾದ್ದು ಅದರಾಚೆಗಿನ ನಷ್ಟವನ್ನು.

500 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಇಲ್ಲಿ ಕೆಲಸಕ್ಕೆ ಬರಲ್ಲ. ಒಬಿಡಿ-2 ಅಮೆರಿಕದಲ್ಲೇ ಕಡ್ಡಾಯ ಆಗಿದ್ದು 1996ರ ಮಾದರಿಗಳಿಂದ, ನಮ್ಮಲ್ಲಿಗೆ ಬಂದಿದ್ದು ಎಷ್ಟೋ ವರ್ಷಗಳ ಮೇಲೆ. ನನ್ನ ಮಟ್ಟಿಗೆ ಇಂಥ ಗಾಡಿಗೆ ಮೊದಲ ಉಪಕರಣ ವ್ಯಾಕ್ಯೂಮ್ ಗೇಜ್. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒಂದು ಸಣ್ಣ ಪೈಪಿಗೆ ಸಿಕ್ಕಿಸಿದರೆ ಇಂಜಿನ್ ತಾನೇ ಮಾತಾಡುತ್ತೆ. ಆದರೆ ಇಲ್ಲೊಂದು ಗುಂಡಿ ಇದೆ. ಪುಸ್ತಕಗಳಲ್ಲಿ ಬರೆದಿರೋದು "ಐಡಲ್‌ನಲ್ಲಿ 18ರಿಂದ 21 ಇಂಚು ಪಾದರಸ" ಅಂತ. ಅದು ಸಮುದ್ರಮಟ್ಟದ ಲೆಕ್ಕ. ಗೇಜ್ ತೋರಿಸೋದು ಹೊರಗಿನ ಒತ್ತಡಕ್ಕೂ ಮ್ಯಾನಿಫೋಲ್ಡ್ ಒತ್ತಡಕ್ಕೂ ಇರೋ ವ್ಯತ್ಯಾಸವನ್ನು. ಐಡಲ್‌ಗೆ ಬೇಕಾದ ಗಾಳಿ ಹೆಚ್ಚೂಕಡಿಮೆ ಅಷ್ಟೇ, ಹೊರಗಿನ ಒತ್ತಡ ಮಾತ್ರ ಸುಮಾರು 4 ಇಂಚು ಇಳಿದಿದೆ. ಹಾಗಾಗಿ ಮಡಿಕೇರಿಯಲ್ಲಿ ಮುಳ್ಳು 14-17ರಲ್ಲಿ ಅಲುಗಾಡದೆ ನಿಂತರೆ ಇಂಜಿನ್ ಗಟ್ಟಿಮುಟ್ಟಾಗಿದೆ ಅಂತಲೇ ಅರ್ಥ. ಇದು ಗೊತ್ತಿಲ್ಲದೆ "ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು" ಅಂದರೆ ಮಾಲೀಕರ ಲಕ್ಷಾಂತರ ರೂಪಾಯಿಗೆ ಸಂಚಕಾರ.

ಮುಳ್ಳು ಒಂದೇ ಲಯದಲ್ಲಿ ಪಟಪಟ ಬಡಿದರೆ ವಾಲ್ವ್ ಕಡೆ ಅನುಮಾನ ಪಡಿ. ಕಡಿಮೆಯಲ್ಲೇ ಸ್ಥಿರವಾಗಿ ನಿಂತರೆ ಬಿರಿದ ರಬ್ಬರ್ ಹೋಸು, ಗ್ಯಾಸ್ಕೆಟ್ಟು ನೋಡಿ. ಗಾಳಿ ಸೋರಿಕೆ ಕೆಡಿಸೋದು ಮುಖ್ಯವಾಗಿ ಐಡಲ್ ಅನ್ನು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದರ ಪ್ರಭಾವ ಅಷ್ಟಾಗಿ ಕಾಣಲ್ಲ. ಐಡಲ್ ಚೆನ್ನಾಗಿದ್ದು ಏರಿನಲ್ಲಿ ಮಾತ್ರ ಸುಸ್ತಾಗೋ ಗಾಡಿಯಲ್ಲಿ ಸೋರಿಕೆ ಹುಡುಕಿ ದಿನ ಕಳೀಬೇಡಿ.

ಆಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ಒಂದು ನಿಮಿಷ ಕಾಯಿರಿ. ಮುಳ್ಳು ಮೆಲ್ಲಗೆ ಇಳೀತಾ ಹೋದರೆ ಸೈಲೆನ್ಸರ್ ದಾರಿ ಕಟ್ಟಿಕೊಂಡಿದೆ. ಹೊಗೆ ಹೊರಗೆ ಹೋಗದೆ ಹೊಸ ಗಾಳಿಗೆ ಒಳಗೆ ಜಾಗವಿಲ್ಲ. ಮೊದಲ ಅನುಮಾನ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ. ಭಾರತದಲ್ಲಿ 1995ರಲ್ಲಿ ಅದು ಕಡ್ಡಾಯ ಆಗಿದ್ದು ನಾಲ್ಕು ಮಹಾನಗರಗಳಲ್ಲಿ ಮಾತ್ರ, ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದಿದ್ದು 2000ದಲ್ಲಿ. ನಡುವಿನ ವರ್ಷಗಳಲ್ಲಿ ಸೀಸದ ಪೆಟ್ರೋಲ್ ಕುಡಿದ ಕನ್ವರ್ಟರ್ ಹಾಳಾಗಿರದಿದ್ದರೆ ಅದೇ ಆಶ್ಚರ್ಯ. ಮಿಸ್ಸಿಂಗ್ ಆಗೋ ಇಂಜಿನ್ ಓಡಿಸುತ್ತಲೇ ಇದ್ದರಂತೂ ಸುಡದ ಪೆಟ್ರೋಲ್ ಅದರೊಳಗೆ ಉರಿದು ಜೇನುಗೂಡು ಕರಗುತ್ತೆ. ಕೆಂಪಗೆ ಕಾದ ಕನ್ವರ್ಟರ್ ಕೆಳಗೆ ಒಣ ತರಗೆಲೆ ಇದ್ದರೆ ತೋಟದಲ್ಲಿ ಬೆಂಕಿಗೆ ಇನ್ನೇನು ಬೇಕು?

ಪೆಟ್ರೋಲ್ ಸಾಲದೇ ಇರೋದು ಘಾಟಿಯಲ್ಲೇ ಸಿಕ್ಕಿಬೀಳುತ್ತೆ. ಕಟ್ಟಿಕೊಂಡ ಫಿಲ್ಟರ್, ಸವೆದ ಪಂಪು ನಿಂತಲ್ಲಿ ಸರಿಯಾದ ಒತ್ತಡ ತೋರಿಸಬಹುದು. ಲೋಡ್ ಬಿದ್ದಾಗಲೇ ಇಳಿಯೋದು. ಆದ್ದರಿಂದ ಪ್ರೆಶರ್ ಗೇಜ್ ಕಟ್ಟಿಕೊಂಡೇ ಏರು ಹತ್ತಬೇಕು. ಗೇಜ್ ಬಾನೆಟ್ ಹೊರಗೆ ಇರಲಿ, ಅದನ್ನು ನೋಡೋಕೆ ಪಕ್ಕದ ಸೀಟಿನಲ್ಲಿ ಇನ್ನೊಬ್ಬರಿರಲಿ.

ಮಳೆಗಾಲದಲ್ಲಿ ಮಾತ್ರ ಪಿಕಪ್ ಹೋದರೆ ಕತ್ತಲಲ್ಲಿ ಬಾನೆಟ್ ಎತ್ತಿ ಪ್ಲಗ್ ವೈರ್‌ಗಳ ಮೇಲೆ ಸಣ್ಣಗೆ ನೀರು ಚಿಮುಕಿಸಿ, ಮುಟ್ಟದೆ ದೂರ ನಿಂತು ನೋಡಿ. ನೀಲಿ ಕಿಡಿ ಹಾರಿದಲ್ಲಿ ಕರೆಂಟ್ ಸೋರುತ್ತಿದೆ. ತೊಂಬತ್ತರ ದಶಕದ ಮಧ್ಯದ ಬೆಂಜ್‌ಗಳಲ್ಲಿ ಇಂಜಿನ್ ವೈರಿಂಗ್‌ನ ಇನ್ಸುಲೇಶನ್ ಶಾಖಕ್ಕೆ ಒಣಗಿ ಪುಡಿಯಾಗೋದು ಹೆಸರಾಂತ ಕಾಯಿಲೆ. ತೋಟದ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇಲಿಗಳ ಕೈವಾಡವನ್ನೂ ಸೇರಿಸಿಕೊಳ್ಳಿ. ಏರ್‌ಫಿಲ್ಟರ್ ಡಬ್ಬಿಯೊಳಗೆ ಗೂಡು ಕಟ್ಟೋದು ಅವಕ್ಕೆ ಬಲು ಇಷ್ಟ.

ಕಂಪ್ರೆಶನ್ ಟೆಸ್ಟ್ ಕೊನೆಗೆ. ಅಲ್ಲೂ ಎತ್ತರದ ಲೆಕ್ಕ ಬಿಡೋ ಹಾಗಿಲ್ಲ: ಮಂಗಳೂರಲ್ಲಿ 12 ಬಾರ್ ತೋರಿಸೋ ಸಿಲಿಂಡರ್ ಇಲ್ಲಿ 10.5ರ ಹತ್ತಿರ ತೋರಿಸುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದೇ ಅಳೆಯಿರಿ, ನಾಲ್ಕೂ ಸಿಲಿಂಡರ್‌ಗಳನ್ನು ಒಂದಕ್ಕೊಂದು ಹೋಲಿಸಿ. ಒಂದು ಮಾತ್ರ ತೀರಾ ಕೆಳಗಿದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿತು ಅಂದರೆ ರಿಂಗ್ ಸವೆದಿದೆ. ಏರಲಿಲ್ಲ ಅಂದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇಂಜಿನ್ ಪೂರ್ತಿ ಬಿಚ್ಚೋದು ಬೇಡ, ಹೆಡ್ ಇಳಿಸಿದರೆ ಸಾಕು.