ನಾಲ್ಕು ಲೀಟರ್ ಸ್ನಾನ

‘ನೀವು ಊರು ಕ್ಲೀನ್ ಮಾಡಕ್ಕೆ ಬಂದಿದ್ದೀರೋ, ತೊಂಬೆ ಕ್ಲೀನ್ ಮಾಡಕ್ಕೆ ಬಂದಿದ್ದೀರೋ?’

ಬೆಳಿಗ್ಗೆ ಏಳು ಗಂಟೆ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹಾಡು ಗುನುಗುತ್ತಾ ನಿಂತಿದ್ದ ನನ್ನನ್ನು ಖಾಲಿ ಬಿಂದಿಗೆ ಹಿಡಿದ ಅಕ್ಕ ಒಬ್ಬರು ಹೀಗೆ ಕೇಳಿದರು. ಅವರ ಹಿಂದೆ ಇನ್ನೂ ಏಳೆಂಟು ಬಿಂದಿಗೆಗಳು ಸಾಲಾಗಿ ಕೂತಿದ್ದವು. ನಲ್ಲಿ ತಿರುಗಿಸಿದರೆ ಬರೀ ಗಾಳಿ. ನನ್ನ ಟೀ ಶರ್ಟಿನ ಮೇಲೆ ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವಾಕ್ಯ ದಪ್ಪಕ್ಷರದಲ್ಲಿತ್ತು: ‘ನನಗಲ್ಲ, ನಿನಗೆ’. ಆ ಕ್ಷಣ ಶರ್ಟನ್ನು ತಿರುಗಿಸಿ ಹಾಕಿಕೊಳ್ಳಬೇಕು ಅನ್ನಿಸಿತು.

ಅದು ಕಳೆದ ವರ್ಷ ಮಾರ್ಚ್‌ನಲ್ಲಿ ನಡೆದ ನಮ್ಮ ಎನ್‌ಎಸ್‌ಎಸ್ ವಿಶೇಷ ಶಿಬಿರ. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ, ಏಳು ದಿನ, 38 ಮಂದಿ. ಶಾಲೆಯ ಕೊಠಡಿಗಳು ರಿಪೇರಿಯಲ್ಲಿದ್ದುದರಿಂದ ಮೈದಾನದಲ್ಲೇ ಟೆಂಟ್ ಹಾಕಿದ್ದೆವು. ಎರಡು ಶೌಚಾಲಯ ಇದ್ದವು, ಬಚ್ಚಲುಮನೆ ಇರಲಿಲ್ಲ. ನೀರಿಗೆ ಇದ್ದದ್ದು ಶಾಲೆಯ ಮೂಲೆಯ ತೊಂಬೆ. ಎರಡು ಸಾವಿರ ಲೀಟರಿನ ಆ ಟ್ಯಾಂಕು ಶಾಲೆಗೆ ಮಾತ್ರವಲ್ಲ, ಪಕ್ಕದ ಎರಡು ಬೀದಿಗೂ ಆಧಾರ. ತ್ರೀ ಫೇಸ್ ಕರೆಂಟ್ ಬಂದಾಗಷ್ಟೇ ಮೋಟರ್ ಓಡಿ ಅದು ತುಂಬುತ್ತಿತ್ತು.

ನಾವು ತಲೆಗೆ ಎರಡು ಬಕೆಟ್‌ನಂತೆ ಮಿಂದಿದ್ದೆವು. ಒಂದು ಬಕೆಟ್ ಅಂದರೆ 20 ಲೀಟರ್. 38 ಮಂದಿಗೆ 1,520 ಲೀಟರ್. ಹಲ್ಲುಜ್ಜಿದ್ದು, ಪಾತ್ರೆ ತೊಳೆದದ್ದು ಬೇರೆ. ಲೆಕ್ಕ ಹಾಕಲು ಎಂಜಿನಿಯರಿಂಗ್ ಓದಬೇಕಿಲ್ಲ. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ ಸಿಗಬೇಕಾದದ್ದು 55 ಲೀಟರ್. ಕುಡಿಯಲು, ಅಡುಗೆಗೆ, ಬಟ್ಟೆಗೆ, ಎಲ್ಲಕ್ಕೂ ಸೇರಿ. ಅದರಲ್ಲಿ 40 ಲೀಟರನ್ನು ನಾವು ಬೆಳಿಗ್ಗೆಯ ಹತ್ತು ನಿಮಿಷದಲ್ಲೇ ಚರಂಡಿಗೆ ಬಿಟ್ಟಿದ್ದೆವು. ಇನ್ನೂ ಮಜಾ ಅಂದರೆ, ಅಂದು ಸಂಜೆ ಅದೇ ಊರಿನ ಅರಳಿಕಟ್ಟೆ ಮುಂದೆ ನಮ್ಮ ಬೀದಿನಾಟಕ ಇತ್ತು. ವಿಷಯ: ನೀರು ಉಳಿಸಿ!

ಮರುದಿನ ಹುಡುಗರ ಗುಂಪೊಂದು ‘ತೊಂಬೆ ಸಹವಾಸವೇ ಬೇಡ’ ಅಂತ ಕೆರೆಗೆ ಹೊರಟಿತು. ನಾನೂ ಹೋದೆ. ದಡದಲ್ಲಿ ಮೊಣಕಾಲುದ್ದ ನೀರು, ನೋಡಲು ಏನೂ ಭಯವಿಲ್ಲ. ನಾಲ್ಕು ಹೆಜ್ಜೆ ಮುಂದಿಟ್ಟ ಗೆಳೆಯ ಇದ್ದಕ್ಕಿದ್ದಂತೆ ಮಾಯ. ಹೂಳು ತೆಗೆಯಲು ಜೆಸಿಬಿ ತೋಡಿದ್ದ ಗುಂಡಿ ಅದು. ನೀರು ತುಂಬಿದ ಮೇಲೆ ಮೇಲಿನಿಂದ ಗೊತ್ತಾಗುವುದಿಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ, ನಮಗೂ ಅಷ್ಟಕ್ಕಷ್ಟೆ. ದನ ಮೇಯಿಸುತ್ತಿದ್ದವರೊಬ್ಬರು ಓಡಿ ಬಂದು ದನದ ಹಗ್ಗ ಎಸೆದು ಎಳೆದುಕೊಂಡರು. ಕೆಮ್ಮಿ ಕೆಮ್ಮಿ ನೀರು ಕಾರಿದ ಅವನು ಆಮೇಲೆ ಅರ್ಧ ಗಂಟೆ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ಕೆರೆ, ಕಾಲುವೆ, ಹೊಳೆಗೆ ಸ್ನಾನಕ್ಕೆ ಇಳಿದು ವಾಪಸ್ ಬಾರದ ವಿದ್ಯಾರ್ಥಿಗಳ ಸುದ್ದಿಯನ್ನು ಎಷ್ಟೋ ಸಲ ಓದಿ ಪುಟ ತಿರುಗಿಸಿದ್ದೆ. ಆ ಸುದ್ದಿ ಹೇಗೆ ಹುಟ್ಟುತ್ತದೆ ಅಂತ ಅಂದು ಕಣ್ಣಾರೆ ಕಂಡೆ.

ಅತ್ತ ತೊಂಬೆ ಇಲ್ಲ, ಇತ್ತ ಕೆರೆಯೂ ಇಲ್ಲ. ಸ್ನಾನ ಮಾಡದೆ ಇರೋಣ ಅಂದರೆ ಹಗಲೆಲ್ಲ ಚರಂಡಿ ಹೂಳು ಎತ್ತುವ ಕೆಲಸ. ರಾತ್ರಿ ಒಂದು ಟೆಂಟಿನಲ್ಲಿ ಆರು ಜನ. ನೀವೇ ಊಹಿಸಿಕೊಳ್ಳಿ!

ಆಗ ನೆನಪಾದವಳು ನಮ್ಮಜ್ಜಿ. ಹುಣಸೂರಿನಲ್ಲಿರುವ ಅವಳ ತವರು ಕೆ.ಆರ್. ನಗರ ತಾಲ್ಲೂಕು. ಸಂಕ್ರಾಂತಿ ಹೊತ್ತಿಗೆ ನಡೆಯುವ ಚುಂಚನಕಟ್ಟೆಯ ದನಗಳ ಜಾತ್ರೆಗೆ ಮದುವೆಯಾದ ಹೊಸದರಲ್ಲಿ ಅಜ್ಜನ ಜೊತೆ ಜೋಡೆತ್ತು ಹೊಡೆದುಕೊಂಡು ಹೋಗಿ ಬಯಲಲ್ಲೇ ನಾಲ್ಕೈದು ದಿನ ಬಿಡಾರ ಹೂಡುತ್ತಿದ್ದಳಂತೆ. ಫೋನ್ ಮಾಡಿ ‘ಅಜ್ಜಿ, ಜಾತ್ರೇಲಿ ಸ್ನಾನ ಹೆಂಗ್ ಮಾಡ್ತಿದ್ರಿ?’ ಅಂದೆ. ಅವಳು ನಕ್ಕಳು. ‘ಮೊದ್ಲು ಎತ್ತಿಗೆ, ಆಮೇಲೆ ನಮ್ಗೆ. ಗಾಡಿ ಮೂಕಿಗೆ ಎರಡು ಗಳ ಕಟ್ಟಿ ಸೀರೆ ಮರೆ ಮಾಡ್ಕೊಳೋದು. ಒಂದು ತಂಬಿಗೆ ಮೈ ನೆನೆಯಕ್ಕೆ, ಮೂರು ತಂಬಿಗೆ ಕೊಳೆ ಹೋಗಕ್ಕೆ. ಅಷ್ಟೆಯಾ. ನೀನೇನು ಎಮ್ಮೆ ಏನ್ಲಾ, ನೀರಲ್ಲೇ ಬಿದ್ದಿರಕ್ಕೆ?’

ಚುಂಚನಕಟ್ಟೆಗೂ ಬಯಲ ಸ್ನಾನಕ್ಕೂ ಇನ್ನೊಂದು ನಂಟಿದೆ. ಅಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುವ ಜಾಗದಲ್ಲಿ ‘ಸೀತೆ ಬಚ್ಚಲು’ ಇದೆ. ವನವಾಸದ ಕಾಲದಲ್ಲಿ ಚುಂಚ, ಚುಂಚಿ ಎಂಬ ದಂಪತಿ ಇದ್ದ ಈ ಜಾಗಕ್ಕೆ ಬಂದ ಸೀತೆ ಸ್ನಾನ ಮಾಡಬೇಕು ಅಂದಳಂತೆ. ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟಾಗ ಎಣ್ಣೆ, ಸೀಗೆ, ಅರಿಸಿನದ ಬಣ್ಣದಲ್ಲಿ ನೀರು ಚಿಮ್ಮಿತು ಅಂತ ಸ್ಥಳೀಯರು ಕತೆ ಹೇಳುತ್ತಾರೆ. ಕಾಡಿನಲ್ಲಿ ಬಿಡಾರ ಹೂಡಿದ ಹೆಣ್ಣುಮಗಳ ಮೊದಲ ಚಿಂತೆ ಸ್ನಾನದ್ದೇ ಆಗಿತ್ತು. ನಮ್ಮ ಶಿಬಿರದ 14 ಹುಡುಗಿಯರದ್ದೂ ಅದೇ. ಎರಡು ದಿನದಿಂದ ಅವರು ಶೌಚಾಲಯದಲ್ಲೇ ಒಂಟಿ ಕಾಲಲ್ಲಿ ನಿಂತಂತೆ ಮೈ ತೊಳೆದುಕೊಳ್ಳುತ್ತಿದ್ದರು ಅನ್ನುವುದು ಕೆರೆಯಲ್ಲಿ ಜಿಗಿಯಲು ಹೊರಟ ನಮಗೆ ಗೊತ್ತೇ ಇರಲಿಲ್ಲ. ನಾವು ಕೇಳಿರಲೂ ಇಲ್ಲ.

ಹಾಗಾಗಿ ಮೊದಲು ಕಟ್ಟಿದ್ದು ಬಚ್ಚಲು. ನಾಲ್ಕು ಬಿದಿರು ಗಳ, ಸುತ್ತ ದಪ್ಪ ಟಾರ್ಪಾಲು, ನೆಲಕ್ಕೆ ಚಪ್ಪಡಿ ಕಲ್ಲು. ಬರೀ ಮಣ್ಣಿನ ಮೇಲೆ ನಿಂತು ಮಿಂದರೆ ಕಾಲಿಗೆ ಮತ್ತೆ ಕೆಸರೇ. ಹುಡುಗಿಯರು ನೋಡಿದ ತಕ್ಷಣ ಒಂದು ತಪ್ಪು ಹಿಡಿದರು. ಕತ್ತಲಲ್ಲಿ ಒಳಗೆ ದೀಪ ಇಟ್ಟರೆ ಒಳಗಿದ್ದವರ ನೆರಳು ಟಾರ್ಪಾಲಿನ ಮೇಲೆ ಸಿನಿಮಾ ಪರದೆಯಂತೆ ಕಾಣುತ್ತದೆ! ನಮಗೆ ಅದು ಹೊಳೆದೇ ಇರಲಿಲ್ಲ. ದೀಪವನ್ನು ಹೊರಗೆ, ಎತ್ತರದ ಗಳಕ್ಕೆ ಕಟ್ಟಿದೆವು. ಸ್ನಾನದ ಹೊತ್ತಿನಲ್ಲಿ ಎಲ್ಲರ ಮೊಬೈಲ್ ಒಂದು ಪೆಟ್ಟಿಗೆಯಲ್ಲಿ. ಹೊರಗೆ ಒಬ್ಬಳು ಗೆಳತಿ ಕಾವಲು. ಈ ನಿಯಮಗಳನ್ನು ಮಾಡಿದ್ದು ಹುಡುಗಿಯರೇ.

ಎರಡನೆಯದು ಷವರ್. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯ ಮುಚ್ಚಳಕ್ಕೆ ಇಕ್ಕಳದಲ್ಲಿ ಹಿಡಿದ ಬಿಸಿ ಮೊಳೆಯಿಂದ ಏಳೆಂಟು ತೂತು. ಬಾಟಲಿ ತಲೆಕೆಳಗೆ ಮಾಡಿ ಅದುಮಿದರೆ ಹನಿಹನಿಯಾಗಿ ಸುರಿಯುತ್ತದೆ. ಮೊದಲ ಬಾಟಲಿಯ ಅರ್ಧ ಮೈ ನೆನೆಯಲು. ಆಮೇಲೆ ನೀರು ನಿಲ್ಲಿಸಿ ಸೋಪು. ಉಳಿದ ಒಂದೂವರೆ ಬಾಟಲಿ ತೊಳೆಯಲು. ಅಜ್ಜಿಯ ನಾಲ್ಕು ತಂಬಿಗೆ ಲೆಕ್ಕ ಸರಿಯಾಗಿ ಕೂತಿತು. ಒಬ್ಬರಿಗೆ ನಾಲ್ಕು ಲೀಟರ್. ಒಂದು ಎಚ್ಚರಿಕೆ: ಕುದಿಯುವ ನೀರನ್ನು ಇಂಥ ಬಾಟಲಿಗೆ ಹಾಕಬೇಡಿ, ಮುದುರಿ ಕೈ ಸುಡುತ್ತದೆ. ಬೆರೆಸಿ ಉಗುರುಬೆಚ್ಚಗೆ ಮಾಡಿಕೊಂಡೇ ತುಂಬಿ.

ಬಿಸಿನೀರು ಹೇಗೆ? ಸೌದೆ ಒಟ್ಟಿದರೆ ಅಡುಗೆಗೆ ಸಾಲದು. ಐದು ಲೀಟರಿನ ಕ್ಯಾನುಗಳಿಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಬಿಸಿಲಲ್ಲಿ ಮಲಗಿಸಿಟ್ಟೆವು. ನಾಲ್ಕು ಲೀಟರ್ ನೀರು 26 ಡಿಗ್ರಿಯಿಂದ 40ಕ್ಕೆ ಏರಲು ಸುಮಾರು 235 ಕಿಲೋಜೌಲ್ ಬೇಕು. ಮಾರ್ಚ್ ಬಿಸಿಲಿಗೆ ಎರಡೂವರೆ ಗಂಟೆ ಸಾಕು ಅಂತ ನಮ್ಮ ಲೆಕ್ಕ ಹೇಳಿತು. ಗಾಳಿ ಬೀಸಿದ್ದರಿಂದ ನಾಲ್ಕು ಗಂಟೆ ಹಿಡಿಯಿತು. ಸೆಮಿಸ್ಟರ್ ಪೂರ್ತಿ ಥರ್ಮೊಡೈನಮಿಕ್ಸ್ ಪಾಠದಲ್ಲಿ ತೂಕಡಿಸಿದ್ದ ಗೆಳೆಯ ಆ ದಿನ ಥರ್ಮಾಮೀಟರ್ ಹಿಡಿದು ಕ್ಯಾನಿನ ಪಕ್ಕದಲ್ಲೇ ಕೂತಿದ್ದ. ಇದರಿಂದ ಸ್ನಾನದ ಹೊತ್ತೂ ಬೆಳಿಗ್ಗೆಯಿಂದ ಸಂಜೆಗೆ ಬದಲಾಯಿತು. ಧೂಳಿನ ಕೆಲಸ ಮುಗಿದ ಮೇಲೆ ಬಿಸಿನೀರು ಸಿದ್ಧ. ಬೆಳಿಗ್ಗೆ ತೊಂಬೆ ಪೂರ್ತಿ ಊರಿಗೆ.

ಅಷ್ಟೂ ನೀರಿಲ್ಲದಿದ್ದರೆ ಒದ್ದೆ ಬಟ್ಟೆ ಸ್ನಾನ. ಒಂದು ಲೀಟರ್ ಬಿಸಿನೀರು, ಎರಡು ತೆಳು ಬಟ್ಟೆ. ಒಂದಕ್ಕೆ ಚೂರು ಸೋಪು, ಇನ್ನೊಂದಕ್ಕೆ ಬರೀ ನೀರು. ಮುಖ, ಕುತ್ತಿಗೆ, ಕಂಕುಳು, ಕೊನೆಗೆ ತೊಡೆಸಂದು, ಪಾದ. ಈ ಕ್ರಮ ತಪ್ಪಬಾರದು. ಚೆನ್ನಾಗಿ ಒರೆಸಿ ಒಣಗಿಸಿ, ಒಗೆದ ಒಳಉಡುಪು ಹಾಕಿಕೊಂಡರೆ ಅರ್ಧ ಸ್ನಾನ ಅಲ್ಲೇ ಆಯಿತು. ದೈಹಿಕ ಪರೀಕ್ಷೆಗೆ, ಸಂದರ್ಶನಕ್ಕೆ ಅಂತ ರಾತ್ರಿ ಬಸ್ಸಿನಲ್ಲಿ ಹೋಗಿ ಬಸ್ ನಿಲ್ದಾಣದಲ್ಲೇ ಬೆಳಗು ಮಾಡುವ ಗೆಳೆಯರಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ರೂಮ್ ಬಾಡಿಗೆ ಉಳಿಯಿತು ಅಂದರು.

ಬಳಸಿದ ನೀರಿಗೂ ದಾರಿ ಬೇಕು. ಬಚ್ಚಲಿನಿಂದ ಸಣ್ಣ ಕಾಲುವೆ ತೆಗೆದು ಒಂದೂವರೆ ಅಡಿ ಗುಂಡಿಗೆ ಜಲ್ಲಿ ತುಂಬಿ ಇಂಗಿಸಿದೆವು. ಬಾವಿ, ಕೆರೆ, ಹೊಳೆಯಿಂದ ಕನಿಷ್ಠ 200 ಅಡಿ ದೂರದಲ್ಲಿ ಸ್ನಾನ ಮಾಡಬೇಕು, ಸೋಪನ್ನು ನೇರ ನೀರಿಗೆ ಬಿಡಬಾರದು ಅನ್ನುವುದು ಜಗತ್ತಿನಾದ್ಯಂತ ಚಾರಣಿಗರು ಪಾಲಿಸುವ ನಿಯಮ. ನನಗೆ ಅದು ಅರ್ಥವಾಗಲು ಪುಸ್ತಕ ಬೇಕಿಲ್ಲ. ಇರ್ಪುವಿನ ಕಾಡಿನಲ್ಲಿ ತಿಳಿಯಾಗಿ ಹುಟ್ಟುವ ಲಕ್ಷ್ಮಣತೀರ್ಥ ನಮ್ಮ ಹುಣಸೂರು ದಾಟುವಾಗ ಹೇಗಿರುತ್ತದೆ ಅಂತ ಸೇತುವೆ ಮೇಲೆ ನಿಂತು ನೋಡಿದರೆ ಸಾಕು.

ಶಿಬಿರದ ಕೊನೆಯಲ್ಲಿ ಯಾರೋ, ‘ಮುಂದಿನ ಸಲ ಎಚ್.ಡಿ. ಕೋಟೆಗೆ ಹೋಗಿ ಕಬಿನಿ ಹಿನ್ನೀರಿನ ಪಕ್ಕ ಟೆಂಟ್ ಹಾಕೋಣ, ನೀರಿಗೆ ಬರವೇ ಇಲ್ಲ’ ಅಂದರು. ಕೋಟೆ ಕಡೆಯ ಗೆಳೆಯ ಕೈ ಮುಗಿದ. ‘ಬನ್ನಿ, ನಮ್ಮ ಹಿನ್ನೀರಲ್ಲಿ ಮೊಸಳೆ ಕಾಯ್ತಾ ಇರ್ತವೆ. ಸಂಜೆ ಆನೆಗಳೂ ನೀರಿಗೆ ಬರ್ತವೆ. ಅವಕ್ಕೆ ಬೇರೆ ಬಚ್ಚಲಿಲ್ಲ.’ ನಾಗರಹೊಳೆಯ ಕಾಡಿನೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ನೀರು ಕಂಡಲ್ಲೆಲ್ಲ ಸ್ನಾನ ಅನ್ನುವ ಆಸೆಯನ್ನು ನಾವಂತೂ ಆ ಕೆರೆಯಲ್ಲೇ ಬಿಟ್ಟು ಬಂದಿದ್ದೆವು.

ಕೊನೆಯ ದಿನದ ಲೆಕ್ಕ: 38 ಮಂದಿಗೆ 152 ಲೀಟರ್. ಮೊದಲಿನ ಹತ್ತರಲ್ಲಿ ಒಂದು ಪಾಲು. ಬೆಳಿಗ್ಗೆ ಟೆಂಟ್ ಬಿಚ್ಚುವಾಗ ಅದೇ ಅಕ್ಕ ಬಿಂದಿಗೆ ಹಿಡಿದು ಬಂದರು. ನಲ್ಲಿ ತಿರುಗಿಸಿದರು. ನೀರು ಭರ್ರೆಂದು ಬಂತು. ಅನುಮಾನದಿಂದ ನನ್ನ ಕಡೆ ನೋಡಿ, ‘ಸ್ನಾನ ಮಾಡಿದ್ರೋ ಇಲ್ವೋ? ತೊಂಬೆ ತುಂಬೇ ಅದೆ!’ ಅಂದರು.

‘ಮಾಡಿದ್ವಿ ಅಕ್ಕ, ನಾಲ್ಕು ದಿನದಿಂದ ದಿನಾ ಮಾಡ್ತಿದ್ವಿ.’

ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ತೂತಿನ ಮುಚ್ಚಳದ ಬಾಟಲಿಯೊಂದನ್ನು ತಿರುಗಿಸಿ ನೋಡಿ, ‘ನಮ್ಮ ಹುಡ್ಗನಿಗೆ ಇರ್ಲಿ ಬುಡಿ’ ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.