ಹಳೇ ಜೀಪಿನ ಬಣ್ಣ ನೋಡಬೇಡಿ, ಹೊಟ್ಟೆ ನೋಡಿ

ಕುಂದಾಪುರ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರದಿಂದ ಶಿರೂರಿನ ತನಕ ಹೋಗಿ ಬರುವವನಿಗೆ ಜೀಪು ಯಾಕೆ? ಸಣ್ಣ ಕಾರು ಧಾರಾಳ ಸಾಕು. ಕಷ್ಟ ಇರುವುದು ಹೆದ್ದಾರಿ ಬಿಟ್ಟು ಮೂಡು ದಿಕ್ಕಿಗೆ ತಿರುಗಿದವನಿಗೆ. ಅಮಾಸೆಬೈಲು, ಹಳ್ಳಿಹೊಳೆ, ಯಡಮೊಗೆ, ರಬ್ಬರ್ ತೋಟಗಳ ಜಡ್ಕಲ್, ಮುದೂರು. ಈ ಕಡೆಗಳಲ್ಲಿ ಡಾಮರು ಮುಗಿದ ಮೇಲೂ ಎಷ್ಟೋ ಮನೆಗಳಿಗೆ ಒಂದೆರಡು ಕಿಲೋಮೀಟರು ಮಣ್ಣಿನ ದಾರಿ ಉಳಿದಿರುತ್ತದೆ. ನಡುವೆ ಒಂದು ತೋಡು, ಅದು ದಾಟಿದರೆ ಜಾರುವ ಏರು. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯ ಯಜಮಾನಿಕೆ ಆ ಎರಡು ಕಿಲೋಮೀಟರಿನದ್ದೇ. ಮಕ್ಕಳ ಶಾಲೆ, ಡೈರಿಗೆ ಹಾಲು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಪೇಟೆಗೆ ಇಳಿಯಲೇಬೇಕಾದ ಮುದುಕರು, ಎಲ್ಲವೂ ಅದರ ಮರ್ಜಿಯಲ್ಲಿ.

ಇಂಥ ಮನೆಯವರು ಶೋರೂಮಿನ ಮೆಟ್ಟಿಲು ಹತ್ತುವುದು ಕಡಿಮೆ. ಅಡಿಕೆ ಮಾರಿದ್ದು, ಸೊಸೈಟಿ ಸಾಲ, ಬೆಂಗಳೂರಿನ ಹೋಟೆಲಿನಿಂದ ತಮ್ಮ ಕಳಿಸಿದ್ದು, ಎಲ್ಲ ಒಟ್ಟು ಮಾಡಿ ಹಳೇ ಗಾಡಿ ಹುಡುಕುತ್ತಾರೆ. ದಲ್ಲಾಳಿಯ ಬಾಯಲ್ಲಿ ಒಂದೇ ಮಂತ್ರ: "ಫೋರ್ ಸಿಲಿಂಡರ್ ಎಂಜಿನ್ ಮಾರಾಯ್ರೆ, ಬೇರೆ ಎಂತದೂ ಕಾಂಬುದೇ ಬ್ಯಾಡ." ಕಾಣಬೇಕಾದ್ದು ಬೇರೆಯೇ ಇದೆ. ಅದು ಇರುವುದು ಗಾಡಿಯ ಅಡಿಯಲ್ಲಿ.

ನಾಲ್ಕರ ಮಹಿಮೆ ಎಷ್ಟು?

ನಾಲ್ಕು ಸಿಲಿಂಡರಿನ ಗುಣವನ್ನು ತಳ್ಳಿಹಾಕುವಂತಿಲ್ಲ. ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕೂ ಒಂದೊಂದು ಸಲ ಉರಿಯುತ್ತವೆ. ಅಂದರೆ ಅರ್ಧ ಸುತ್ತಿಗೊಂದು ಹೊಡೆತ. ಮೂರೇ ಇದ್ದರೆ ಹೊಡೆತಗಳ ನಡುವಿನ ಅಂತರ ಜಾಸ್ತಿ. ಫಸ್ಟ್ ಗೇರಿನಲ್ಲಿ ಕೆಸರಿನ ಏರು ಹತ್ತುವಾಗ ನಡುಕ ಕೈಗೂ ಸೊಂಟಕ್ಕೂ ತಿಳಿಯುತ್ತದೆ. ಆದರೆ ಮೂರು ಅಂದ ಕೂಡಲೇ ಮೂಗು ಮುರಿಯುವುದೂ ಸರಿಯಲ್ಲ. ನಮ್ಮ ಊರಿನ ಕತ್ತೆ ದುಡಿತ ದುಡಿಯುವ ಬೊಲೆರೊವನ್ನೇ ನೋಡಿ. ಹಳೆಯದರಲ್ಲಿ ಇದ್ದದ್ದು 2523 ಸಿಸಿಯ ನಾಲ್ಕು ಸಿಲಿಂಡರು. 2016ರಲ್ಲಿ ಬಂದ ಪವರ್ ಪ್ಲಸ್‌ಗೆ ತೆರಿಗೆ ಉಳಿಸಲೆಂದು ಉದ್ದವನ್ನು ನಾಲ್ಕು ಮೀಟರಿನ ಒಳಗೆ ತಂದರು, 1500 ಸಿಸಿಗೂ ಕಡಿಮೆಯ ಮೂರು ಸಿಲಿಂಡರ್ ಎಂಜಿನ್ ಕೂರಿಸಿದರು. ಅದು ಹೊರೆ ಹೊರುವುದೇನೂ ನಿಲ್ಲಿಸಲಿಲ್ಲ. 'ಬೊಲೆರೊ ಅಂದ ಮೇಲೆ ನಾಲ್ಕೇ' ಎಂದು ದಲ್ಲಾಳಿ ಹೇಳಿದರೆ ಮಾತ್ರ ನಂಬಬೇಡಿ, ಬಾನೆಟ್ ಎತ್ತಿಸಿ.

ಎಂಜಿನ್ನು ನೋಡಲು ಒಂದು ಉಪಾಯ: ಬೆಳಿಗ್ಗೆಯೇ ಹೋಗಬೇಕು, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಎಂದರ್ಥ. ಚಹಾ ಕುಡಿದು ಬನ್ನಿ, ತಣಿಯಲಿ. ತಣ್ಣಗಿನ ಎಂಜಿನ್ ಮೊದಲ ಸೆಲ್ಫಿಗೆ ಹಿಡಿಯಬೇಕು. ನೀಲಿ ಹೊಗೆ ಬಿಟ್ಟರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬರುತ್ತಲೇ ಇದ್ದರೆ ರೇಡಿಯೇಟರಿನ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಹೊರಟರೆ ರಿಂಗು ಸವೆದಿದೆ. ಅಂಥದ್ದು ಅರ್ಧ ಬೆಲೆಗೆ ಸಿಕ್ಕಿದರೂ ಲಾಭವಿಲ್ಲ.

ಇಷ್ಟೆಲ್ಲ ಇದ್ದರೂ ಎಂಜಿನ್ ರಿಪೇರಿ ಆಗುವ ವಸ್ತು. ದುಡ್ಡು ಕೊಟ್ಟರೆ ಹೊಸದರ ಹಾಗೆ ಮಾಡಿಕೊಡುವ ಮಿಸ್ತ್ರಿಗಳು ಸಿಗುತ್ತಾರೆ. ತಿಂದುಹೋದ ಚಾಸಿಸ್ಸನ್ನು ಹೊಸದು ಮಾಡುವ ಮಿಸ್ತ್ರಿ ಎಲ್ಲಿದ್ದಾನೆ?

ಉಪ್ಪು ತಿಂದ ಕಬ್ಬಿಣ

ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ. ಫೋಟೊ ತೆಗೆಯುವವರಿಗೆ ಸ್ವರ್ಗ, ಕಬ್ಬಿಣಕ್ಕೆ ನರಕ. ಗಂಗೊಳ್ಳಿ, ಕೋಡಿ, ಹಂಗಾರಕಟ್ಟೆಯಂಥ ಕಡಲ ಬದಿಯಲ್ಲಿ ನಿತ್ಯ ನಿಲ್ಲುವ ಗಾಡಿಗೆ ಉಪ್ಪುಗಾಳಿ ಹಗಲಿರುಳು ಬಡಿಯುತ್ತದೆ. ಮೀನಿನ ಲಾರಿ ರಸ್ತೆಗೆ ಸುರಿಸಿದ ನೀರು ಹಿಂದೆ ಬರುವ ಗಾಡಿಯ ಅಡಿಗೇ ಹಾರುತ್ತದೆ. ಸಾಲದ್ದಕ್ಕೆ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ. ಕಿಲೋಮೀಟರ್ ಓಡದೇ ಅಂಗಳದಲ್ಲಿ ನಿಂತ ಗಾಡಿಗೂ ತುಕ್ಕು ಬಿಡುವುದಿಲ್ಲ. 'ಕಮ್ಮಿ ಓಡಿದ ಗಾಡಿ' ಎಂಬ ಹೊಗಳಿಕೆಗೆ ಕರಾವಳಿಯಲ್ಲಿ ಬೆಲೆ ಕಡಿಮೆ.

ಆದ್ದರಿಂದ ಗಾಡಿಯನ್ನು ಸರ್ವಿಸ್ ಸ್ಟೇಷನ್ನಿನಲ್ಲಿ ಮೇಲೆತ್ತಿಸಿ ನೋಡಬೇಕು. ಮಾರುವವನು ಒಪ್ಪದಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಕೈಯಲ್ಲೊಂದು ಸ್ಕ್ರೂಡ್ರೈವರ್ ಹಿಡಿದು ಚಾಸಿಸ್ಸಿಗೆ ಕುಟ್ಟುತ್ತಾ ಹೋಗಿ. ಟಣ್ ಅಂದರೆ ಕಬ್ಬಿಣ ಇದೆ. ಸದ್ದು ಬೋಳಾಗಿ ಬಂದರೆ, ಸಿಪ್ಪೆ ಎದ್ದರೆ, ಬಿಡಿ. ಮುಖ್ಯವಾಗಿ ಲೀಫ್ ಪ್ಲೇಟಿನ ಕಿವಿ ಚಾಸಿಸ್ಸಿಗೆ ಕೂರುವ ಜಾಗ, ಬಾಡಿ ಕೂರುವ ಬುಷ್ಷಿನ ಸುತ್ತ, ಫುಟ್‌ಬೋರ್ಡಿನ ಒಳಮೈ, ಡ್ರೈವರ್ ಕಾಲಡಿಯ ತಗಡು. ಅಡಿಗೆಲ್ಲ ಹೊಸತಾಗಿ ಕಪ್ಪು ಬಳಿದಿದ್ದರೆ ಸಂತೋಷಪಡಬೇಡಿ. ಆ ಕಪ್ಪಿನ ಹಿಂದೆ ಏನಿದೆಯೋ! ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ, ಬಣ್ಣದ ಮೇಲೆ ಗಂಧದ ಬೊಟ್ಟು, ಹೀಗೆ ಶೃಂಗಾರ ಮಾಡಿ ಮಾರುವುದು ಹಳೇ ವಿದ್ಯೆ.

ಹಾಗಾದರೆ ಗಾಡಿಯನ್ನು ಘಟ್ಟದ ಮೇಲಿಂದ ತರುವುದು ಮೇಲಲ್ಲವೇ? ತುಕ್ಕಿನ ಮಟ್ಟಿಗೆ ಹೌದು. ಸಾಗರದ ಕೆಎ 15 ನಂಬರಿನ ಗಾಡಿ ಉಡುಪಿಯ ಕೆಎ 20ಕ್ಕಿಂತ ಅಡಿಯಲ್ಲಿ ಗಟ್ಟಿ ಇರುವ ಸಂಭವ ಜಾಸ್ತಿ. ಆದರೆ ತೋಟದ ಗಾಡಿಯಾಗಿದ್ದರೆ ಗೇರ್ ಬಾಕ್ಸು ಸಾಕಷ್ಟು ಕಂಡಿರುತ್ತದೆ.

ಫೋರ್ ವೀಲ್ ಬೇಕೇ?

ಇಲ್ಲೊಂದು ಕಠೋರ ಪ್ರಶ್ನೆ. ಗಾಡಿ ಕೊಳ್ಳುವವನು ವರ್ಷದಲ್ಲಿ ಎಷ್ಟು ದಿನ ಕೆಸರಿನಲ್ಲಿ ಸಿಕ್ಕಿಬೀಳುತ್ತಾನೆ? ಹತ್ತು ದಿನ ಎಂದಾದರೆ ಹಿಂದಿನ ಚಕ್ರದ ಬೊಲೆರೊ, ಒಳ್ಳೆ ಟೈರು, ಹಿಂದೆ ಎರಡು ಚೀಲ ಮರಳು, ಒಂದು ಗಟ್ಟಿ ಹಗ್ಗ ಸಾಕು. ಮಳೆಗಾಲ ಪೂರ್ತಿ ಅದೇ ಗತಿಯಾದರೆ ಮಾತ್ರ ಫೋರ್ ವೀಲ್ ಡ್ರೈವಿಗೆ ದುಡ್ಡು ಹಾಕಬೇಕು. ಕಾಲೇಜು ಹುಡುಗರು ರೀಲ್ಸಿಗಾಗಿ ಹಾಕುವ ದುಡ್ಡಿನ ಲೆಕ್ಕ ಬೇರೆ.

ಕೊಲ್ಲೂರಿನಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಗಳನ್ನು ಹೊತ್ತೊಯ್ಯುವ ಜೀಪುಗಳನ್ನು ಕಂಡವರಿಗೆ ಫೋರ್ ವೀಲಿನ ಬೆಲೆ ಹೇಳಬೇಕಾಗಿಲ್ಲ. ಆದರೆ ಆ ಕೆಲಸದಿಂದ ನಿವೃತ್ತಿಯಾದ ಜೀಪು ಅಗ್ಗಕ್ಕೆ ಸಿಕ್ಕಿತೆಂದು ಹಾರಬಾರದು. ಚಾಸಿಸ್ಸಿನ ಬಿರುಕು, ವೆಲ್ಡಿಂಗಿನ ಗಂಟು ನೋಡಬೇಕು. ಹಳದಿ ಬೋರ್ಡು ಬಿಳಿ ಮಾಡಿಸುವ ಕಾಗದದ ಓಡಾಟ, ತೆರಿಗೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪರೀಕ್ಷೆಗೆ ಗಾಡಿಯನ್ನು ಕೊಲ್ಲೂರು ಕಡೆಯವರು ನಾಗೋಡಿ ಘಾಟಿಗೆ, ಸಿದ್ದಾಪುರ ಕಡೆಯವರು ಹೊಸಂಗಡಿಯ ಬಾಳೆಬರೆಗೆ ಹತ್ತಿಸಲಿ. ಹತ್ತುವಾಗ ಬಿಸಿಯ ಮುಳ್ಳು ಎಲ್ಲಿ ನಿಲ್ಲುತ್ತದೆ, ಇಳಿಯುವಾಗ ಸೆಕೆಂಡ್ ಗೇರು ತಾನಾಗಿ ಹಾರುತ್ತದೆಯೇ, ಇವೆರಡು ತಿಳಿದರೆ ಅರ್ಧ ಗಾಡಿ ತಿಳಿದಂತೆ. ಫೋರ್ ವೀಲ್ ಹಾಕಿ ನೋಡುವುದು ಮಾತ್ರ ಮಣ್ಣಿನಲ್ಲಿ. ಹಳೇ ಜೀಪು, ಥಾರ್, ಜಿಪ್ಸಿಗಳಲ್ಲಿ ಎದುರಿನ, ಹಿಂದಿನ ಆಕ್ಸಲ್ ಬಿಗಿದು ಒಂದಾಗುವುದರಿಂದ ಒಣ ಡಾಮರಿನ ತಿರುವಿನಲ್ಲಿ ಹಾಕಿದರೆ ಗೇರು, ಶಾಫ್ಟು ಎರಡಕ್ಕೂ ಕೇಡು. ಸಣ್ಣ ಲಿವರ್ ಲೋ ಗೇರಿಗೆ ಬೀಳಬೇಕು, ಎದುರಿನ ಚಕ್ರ ನಿಜಕ್ಕೂ ಎಳೆಯಬೇಕು. ವರ್ಷಗಟ್ಟಲೆ ಆ ಲಿವರ್ ಮುಟ್ಟದವರು ಇದ್ದಾರೆ, ಅದು ಅಲ್ಲೇ ಹಿಡಿದುಕೊಂಡಿರುತ್ತದೆ.

ಯಾವ ಗಾಡಿ?

2010ರಲ್ಲಿ ಬಂದ ಹಳೇ ಥಾರ್ ಸಿಆರ್‌ಡಿಇ, ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್, ಎಳೆಯುವುದರಲ್ಲಿ ಗಟ್ಟಿಗ. ಆದರೆ ಕ್ಯಾನ್ವಾಸ್ ಮಾಡು. ಜುಲೈಯ ಮಳೆಗೆ ಮಗು ಯೂನಿಫಾರ್ಮ್ ಒದ್ದೆ ಮಾಡಿಕೊಂಡೇ ಶಾಲೆಗೆ ಇಳಿಯುತ್ತದೆ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್ ಈ ವಿಷಯದಲ್ಲಿ ಸುಖ. ಆದರೆ 2023ರ ಜನವರಿಯಿಂದ ಹಿಂದಿನ ಚಕ್ರ ಮಾತ್ರ ತಿರುಗುವ ಥಾರ್ ಕೂಡ ಮಾರಾಟಕ್ಕೆ ಬಂದಿದೆ. ಹೊರಗಿನಿಂದ ಎರಡೂ ಅಣ್ಣತಮ್ಮಂದಿರು. ಒಳಗೆ ಎರಡನೇ ಲಿವರ್ ಇದೆಯೋ ನೋಡಿ.

2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಗಾಡಿಗಳಿಗೆ ಇನ್ನೊಂದು ರಗಳೆ. ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಆಗಾಗ ಬಿಸಿಯಾಗಿ ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳಬೇಕು. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರು, ಮತ್ತೆ ಹಿಂದೆ, ಇಷ್ಟೇ ಓಡಿದರೆ ಅದು ಬಿಸಿಯೇ ಆಗುವುದಿಲ್ಲ, ಕಟ್ಟಿಕೊಳ್ಳುತ್ತದೆ. ಅಂಥವರು ಪೆಟ್ರೋಲಿಗೆ ಹೋಗಲಿ, ಇಲ್ಲವೇ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಲಿ.

ಪೆಟ್ರೋಲು ಎಂದರೆ ಜಿಪ್ಸಿ. 1985ರಲ್ಲಿ ಬಂತು, 1996ರಲ್ಲಿ 1.3 ಲೀಟರಿನದ್ದಾಯಿತು. ಹಗುರ, ಥಾರ್ ಹೂತುಹೋಗುವ ಕಡೆ ತೇಲಿಕೊಂಡು ಹೋಗುತ್ತದೆ. ಆದರೆ ಉಪ್ಪಿಗೆ ಅದರ ತಗಡು ತೀರ ನಾಜೂಕು, ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಬೆನ್ನು ಉಳಿಯುವುದಿಲ್ಲ. ಹಳೇ ಕಾರ್ಬ್ಯುರೇಟರ್ ಜಿಪ್ಸಿಯಾದರೆ ಪೆಟ್ರೋಲು ಪೈಪು, ವಾಷರುಗಳನ್ನು ಮೊದಲೇ ಬದಲಿಸಬೇಕು. ಈಗಿನ 20 ಶೇಕಡ ಎಥನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರಿಗೆ ಆಗಿಬರುವುದಿಲ್ಲ. 2023ರಲ್ಲಿ ಬಂದ ಜಿಮ್ನಿ ನಾಲ್ಕು ಸಿಲಿಂಡರಿನ ಒಂದೂವರೆ ಲೀಟರ್ ಪೆಟ್ರೋಲು, ಎಲ್ಲ ಮಾಡೆಲಿಗೂ ಫೋರ್ ವೀಲ್, ಲೋ ಗೇರ್. ಅಗಲ ಕಡಿಮೆಯಾದ್ದರಿಂದ ಅಗಳು, ಪಾಗಾರಗಳ ನಡುವಿನ ನಮ್ಮ ಕಿರಿದಾದ ದಾರಿಗೆ ಹೇಳಿಮಾಡಿಸಿದ ಹಾಗಿದೆ. ದಿನನಿತ್ಯದ ಓಡಾಟ, ಮಳೆಗಾಲದ ಮಣ್ಣು, ಎರಡನ್ನೂ ತೂಗಿದರೆ ಹಳೇ ಮಾರುಕಟ್ಟೆಯಲ್ಲಿ ಸದ್ಯ ಅದಕ್ಕೇ ಒಂದು ಗುಂಜಿ ಜಾಸ್ತಿ. ಡಿಕ್ಕಿ ಮಾತ್ರ ಚಿಕ್ಕದು, ಅಡಿಕೆ ಚೀಲ ಹಾಕುವವರಿಗೆ ಹೇಳಿದ್ದಲ್ಲ.

ಸ್ಕಾರ್ಪಿಯೊದ 2.2 ಲೀಟರ್ ಎಂಹಾಕ್ ಹೆದ್ದಾರಿಗೆ ರಾಜ, ಸ್ಪೇರ್ ಎಲ್ಲಿಯೂ ಸಿಗುತ್ತದೆ. ಫೋರ್ ವೀಲಿನದ್ದು ಅಪರೂಪ. 2022ರಲ್ಲಿ ನಿಂತ ಹಳೇ ಡಸ್ಟರಿನ ಫೋರ್ ವೀಲ್ ಮಾದರಿ ಓಡಿಸಲು ಬೆಣ್ಣೆ. ಲೋ ಗೇರ್ ಇಲ್ಲ, ಸ್ಪೇರಿಗಾಗಿ ಕಾಯುವ ತಾಳ್ಮೆ ಇದ್ದವರಿಗೆ.

ನೀರು ಕುಡಿದ ಗಾಡಿ

2018ರ ಆಗಸ್ಟಿನ ಕೇರಳದ ನೆರೆ ಎಲ್ಲರಿಗೂ ನೆನಪಿದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯೇ ನೀರಿನಲ್ಲಿ ನಿಂತಿತ್ತು. ಮುಳುಗಿದ ಗಾಡಿಯನ್ನು ತೊಳೆದು, ಸೆಂಟು ಹೊಡೆದು ಮಾರುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸೀಟಿನ ಕಂಬಿಗೆ ಹಿಡಿದ ತುಕ್ಕು ಸುಳ್ಳು ಹೇಳುವುದಿಲ್ಲ. ಹೊಸ ಗಾಡಿಗಳ ಕರೆಂಟಿನ ಪೆಟ್ಟಿಗೆಗೆ ಒಮ್ಮೆ ನೀರು ಹೊಕ್ಕರೆ ಆ ರೋಗಕ್ಕೆ ಮದ್ದಿಲ್ಲ.

ಕಾಗದದ ಜಾರು

ಖಾಸಗಿ ಗಾಡಿಯ ಆರ್‌ಸಿ ಆಯುಷ್ಯ 15 ವರ್ಷ. ಮತ್ತೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಲ್ಲಿ 5000 ಆಯಿತು. 20 ವರ್ಷ ದಾಟಿದ ಕಾರು-ಜೀಪಿಗೆ 2025ರ ಆಗಸ್ಟಿನಿಂದ 10,000. ಹಸಿರು ತೆರಿಗೆ ಬೇರೆ. 'ಎಫ್‌ಸಿ ಮಾಡಿಸಿದ್ರಾಯ್ತು ಬಿಡಿ' ಎನ್ನುವವರ ಮಾತಿಗೆ ಈ ದುಡ್ಡೂ ಸೇರಿಸಿಕೊಳ್ಳಿ.

ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು ಬಹಳ ಇವೆ. ಎಂಜಿನ್ ನಂಬರು ಆರ್‌ಸಿಯಲ್ಲಿ ಇಲ್ಲದಿದ್ದರೆ ಮುಟ್ಟಬೇಡಿ. ಮಾಡು ಕೊಯ್ದದ್ದು, ಆನೆ ಗಾತ್ರದ ಟೈರು ಹಾಕಿದ್ದು ಚಂದ ಕಾಣುತ್ತದೆ. ಆದರೆ ಕಂಪೆನಿ ಮಾಡಿದ ಸ್ವರೂಪವನ್ನು ಬೇಕಾದ ಹಾಗೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ಹೊರರಾಜ್ಯದ ಗಾಡಿಯಾದರೆ ಎನ್‌ಒಸಿ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ದಿಲ್ಲಿಯಿಂದ ಅಗ್ಗಕ್ಕೆ ಬಂದ ಡೀಸೆಲ್ ಗಾಡಿಯ ಅಗ್ಗ ಎಷ್ಟೋ ಸಲ ಅಲ್ಲಿಗೇ ಕರಗುತ್ತದೆ.

ಫಾರಂ 29, 30ಕ್ಕೆ ಸಹಿ ಹಾಕಿಸಿ ಕಪಾಟಿನಲ್ಲಿ ಇಡುವ ಅಭ್ಯಾಸ ಈ ಕಡೆ ಕಡಿಮೆಯಿಲ್ಲ. ಮಾರಿದವನಿಗೂ ಇದರಲ್ಲಿ ಗಂಡಾಂತರ ಇದೆ. ಹೆಸರು ಬದಲಾಗದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅಮಾಸೆಬೈಲಿನವನು ಓಡಿಸಿದ ಜೀಪಿಗೆ ಬ್ರಹ್ಮಾವರದ ಹಳೇ ಯಜಮಾನ ಕೋರ್ಟು ಹತ್ತಬೇಕಾದೀತು. ಇನ್ಶೂರೆನ್ಸನ್ನೂ 14 ದಿನದೊಳಗೆ ಹೊಸಬನ ಹೆಸರಿಗೆ ಮಾಡಿಸಬೇಕು. ಹಳಬನ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅದು ಅವನ ಜೊತೆಗೇ ಹೋಗುತ್ತದೆ. ಅದನ್ನೂ ಸೇರಿಸಿ ಬೆಲೆ ಹೇಳುವ ದಲ್ಲಾಳಿಗೆ ಅಷ್ಟು ಮುರಿದುಕೊಂಡೇ ದುಡ್ಡು ಎಣಿಸಿ.