ಮೋಡದ ಕಾಡಿನ ಹಕ್ಕಿ: ಬೆನ್ನಟ್ಟಿದರೆ ಸಿಗದು, ಕಾದರೆ ಸಿಕ್ಕೀತು

ದಕ್ಷಿಣ ಅಮೆರಿಕದ ಈಕ್ವೆಡಾರ್ ವಿಸ್ತೀರ್ಣದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿನಷ್ಟೂ ಇಲ್ಲ. ಆದರೆ ಅಲ್ಲಿ 1,600ಕ್ಕೂ ಹೆಚ್ಚು ಪ್ರಭೇದದ ಹಕ್ಕಿಗಳಿವೆ. ಜಗತ್ತಿನ ನಾನಾ ಮೂಲೆಗಳಿಂದ ಛಾಯಾಗ್ರಾಹಕರು ದುಬಾರಿ ಕ್ಯಾಮೆರಾಗಳನ್ನು ಹೊತ್ತು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಹಕ್ಕಿಯ ಕೂಗನ್ನಷ್ಟೇ ಕೇಳಿ, ಹಕ್ಕಿಯನ್ನು ಕಾಣದೆ ಮರಳುವುದೂ ಉಂಟು. ಕಾರಣ, ಆ ಹಕ್ಕಿಗಳು ವಾಸಿಸುವುದು ಮೋಡದೊಳಗಿನ ಕಾಡಿನಲ್ಲಿ.

ಮೋಡದ ಕಾಡು ಎಂದರೇನು?

ಪೆಸಿಫಿಕ್ ಸಾಗರದಿಂದ ಬೀಸುವ ತೇವಭರಿತ ಗಾಳಿ ಆಂಡೀಸ್ ಪರ್ವತದ ಪಶ್ಚಿಮ ಇಳಿಜಾರಿಗೆ ಬಡಿದು ಮೇಲೇರುತ್ತದೆ. ಏರಿದಂತೆ ತಣಿದು ಮಂಜಾಗಿ ಕಾಡನ್ನು ಆವರಿಸುತ್ತದೆ. ಮಳೆ ಬಾರದ ದಿನವೂ ಎಲೆಗಳು ಮಂಜಿನಿಂದ ನೀರನ್ನು ಹಿಡಿದು ಕೆಳಕ್ಕೆ ತೊಟ್ಟಿಕ್ಕಿಸುತ್ತವೆ. ಮರಗಳ ಮೈತುಂಬ ಪಾಚಿ, ಆರ್ಕಿಡ್ ಮತ್ತು ಬ್ರೊಮೀಲಿಯಡ್ ಸಸ್ಯಗಳು. ರಾಜಧಾನಿ ಕೀಟೊದ ವಾಯವ್ಯಕ್ಕಿರುವ ಮಿಂಡೊ ಸುತ್ತಲಿನ ಪ್ರದೇಶ ಇಂತಹ ಕಾಡಿಗೆ ಹೆಸರುವಾಸಿ.

ಈ ಕಾಡಿನ ನೆಲದಲ್ಲಿ ಬದುಕುವ ಆಂಟ್‌ಪಿಟ್ಟಾ ಹಕ್ಕಿಗಳು ಛಾಯಾಗ್ರಾಹಕರಿಗೆ ದೊಡ್ಡ ಸವಾಲು. ದುಂಡು ಮೈ, ಇಲ್ಲವೆನ್ನುವಷ್ಟು ಮೋಟು ಬಾಲ, ಮರಗಾಲು ಕಟ್ಟಿಕೊಂಡಂತಹ ಉದ್ದ ಕಾಲು. ನೋಟಕ್ಕೆ ನಮ್ಮ ನವರಂಗ ಹಕ್ಕಿಯನ್ನು ನೆನಪಿಸಿದರೂ ಎರಡಕ್ಕೂ ಹತ್ತಿರದ ನಂಟಿಲ್ಲ. ಪೊದೆಯ ಕತ್ತಲಲ್ಲಿ ಹುಳುಹುಪ್ಪಟೆ ಹುಡುಕುವ ಇವು ಹಾರುವುದಕ್ಕಿಂತ ಕುಪ್ಪಳಿಸಿ ಮರೆಯಾಗುವುದೇ ಹೆಚ್ಚು.

ಬೆಳಕಿನ ಲೆಕ್ಕ

ಸಮಸ್ಯೆ ಎಷ್ಟು ದೊಡ್ಡದೆಂಬುದನ್ನು ಒಂದು ಸರಳ ಲೆಕ್ಕ ತಿಳಿಸುತ್ತದೆ. ನಡುಹಗಲಿನ ಬಯಲಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 16 ಮತ್ತು ಸೆಕೆಂಡಿನ ನೂರನೇ ಒಂದು ಭಾಗದ ಷಟರ್ ವೇಗ ಇದ್ದರೆ ಚಿತ್ರ ಸರಿಯಾಗಿ ಮೂಡುತ್ತದೆ. ಮಂಜು ಮುಸುಕಿದ ಕಾಡಿನ ನೆಲದಲ್ಲಿ ಐಎಸ್‌ಒವನ್ನು 3200ಕ್ಕೆ ಏರಿಸಿ, ಅಪರ್ಚರನ್ನು ಎಫ್ 4ಕ್ಕೆ ತೆರೆದರೂ ಷಟರ್ ವೇಗ ಐವತ್ತನೇ ಒಂದು ಭಾಗಕ್ಕೆ ಇಳಿಯಬಹುದು. ಅಂದರೆ ಅಲ್ಲಿರುವುದು ಬಯಲಿನ ಬೆಳಕಿನ ಸಾವಿರದಲ್ಲಿ ಒಂದು ಪಾಲು ಮಾತ್ರ!

400 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆಯಲು ಷಟರ್ ವೇಗ ಕನಿಷ್ಠ ನಾನೂರನೇ ಒಂದು ಭಾಗ ಇರಬೇಕೆಂಬುದು ಹಳೆಯ ನಿಯಮ. ಲೆನ್ಸಿನೊಳಗಿನ ಕಂಪನ ನಿವಾರಕ ವ್ಯವಸ್ಥೆ ಕೈನಡುಕವನ್ನು ತಡೆದೀತು, ಹಕ್ಕಿಯ ಚಲನೆಯನ್ನಲ್ಲ. ಆದ್ದರಿಂದ ಅನುಭವಿಗಳು ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಹಕ್ಕಿ ಅರೆಗಳಿಗೆ ನಿಶ್ಚಲವಾದಾಗ ಒಂದರ ಹಿಂದೊಂದು ಹಲವು ಚಿತ್ರ ತೆಗೆಯುತ್ತಾರೆ. ಹತ್ತರಲ್ಲಿ ಒಂದು ಸ್ಪಷ್ಟವಾದರೂ ಲಾಭವೇ.

ಮಂಜಿನ ತೊಡಕು ಬೇರೆ. ಹಕ್ಕಿ ದೂರವಿದ್ದಷ್ಟೂ ನಡುವಿನ ಮಂಜು ಬಣ್ಣಗಳನ್ನು ಮಸುಕಾಗಿಸುತ್ತದೆ. ಸ್ವಯಂಚಾಲಿತ ಫೋಕಸ್ ಹಕ್ಕಿಯನ್ನು ಬಿಟ್ಟು ಮುಂದಿನ ಕಡ್ಡಿಯನ್ನು ಹಿಡಿಯುತ್ತದೆ. ಎಷ್ಟೇ ಶಕ್ತಿಶಾಲಿ ಲೆನ್ಸ್ ಇದ್ದರೂ ಕೊನೆಗೆ ಬೇಕಾಗುವುದು ಸಾಮೀಪ್ಯ. ಆದರೆ ಮನುಷ್ಯ ಒಂದು ಹೆಜ್ಜೆ ಮುಂದಿಟ್ಟರೆ ಹಕ್ಕಿ ಹತ್ತು ಹೆಜ್ಜೆ ಹಿಂದೆ ಸರಿಯುತ್ತದೆ.

ಅಡ್ಡದಾರಿಗಳು

ಇಲ್ಲಿಯೇ ಅಡ್ಡದಾರಿಗಳ ಆಕರ್ಷಣೆ ಹುಟ್ಟುವುದು. ಮೊದಲನೆಯದು ಫ್ಲ್ಯಾಷ್. ಮಂಜಿನ ಹನಿಗಳಿಗೆ ತಗುಲಿ ಹಿಂದಿರುಗುವ ಅದರ ಬೆಳಕು ಚಿತ್ರವನ್ನೇ ಬಿಳಿಚಿಸುತ್ತದೆ. ಎರಡನೆಯದು, ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವುದು. ಎದುರಾಳಿಯೊಂದು ತನ್ನ ಸೀಮೆಗೆ ನುಗ್ಗಿದೆಯೆಂದು ಭಾವಿಸುವ ಹಕ್ಕಿ ಮೇವು ಬಿಟ್ಟು ಕಾದಾಟಕ್ಕೆ ಬರುತ್ತದೆ. ಚಿತ್ರ ಸಿಗುತ್ತದೆ, ಬೆಲೆ ತೆರುವುದು ಹಕ್ಕಿ.

ಈಕ್ವೆಡಾರ್‌ನ ಮೋಡದ ಕಾಡಿನ ಎರಡು ಹಕ್ಕಿಗಳ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ 'ಪ್ಲಾಸ್ ಒನ್' ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಒಮ್ಮೆ ಕೂಗು ಕೇಳಿಸಿದರೂ ಹಕ್ಕಿಗಳ ವರ್ತನೆ ಬದಲಾಗುವುದನ್ನು ಅದು ದಾಖಲಿಸಿತು. ದಿನವೂ ಕೇಳಿಸಿದಾಗ ಒಂದು ಪ್ರಭೇದ ಸುಮಾರು 12 ದಿನಗಳ ಬಳಿಕ ಪ್ರತಿಕ್ರಿಯಿಸುವುದನ್ನೇ ಬಿಟ್ಟಿತು. ಅಪರೂಪದ ಮತ್ತು ಅಪಾಯದಂಚಿನ ಹಕ್ಕಿಗಳಿಗೆ ಧ್ವನಿಮುದ್ರಿಕೆಯ ಬಳಕೆಯನ್ನು ಮಿತಗೊಳಿಸಬೇಕೆಂದು ಅಮೆರಿಕನ್ ಬರ್ಡಿಂಗ್ ಅಸೋಸಿಯೇಷನ್ನಿನ ನೀತಿಸಂಹಿತೆಯೂ ಹೇಳುತ್ತದೆ.

ಎರೆಹುಳು ತೆರೆದ ದಾರಿ

ಮೂರನೆಯ ದಾರಿಯನ್ನು ಕಂಡುಕೊಂಡಾತ ಮಿಂಡೊ ಸಮೀಪದ ಕೃಷಿಕ ಏಂಜೆಲ್ ಪಾಜ್. ಬೇಸಾಯ ಮತ್ತು ಮರ ಕಡಿಯುವ ಕೆಲಸ ಅವರ ಜೀವನೋಪಾಯವಾಗಿತ್ತು. 'ಕಾಕ್ ಆಫ್ ದಿ ರಾಕ್' ಎಂಬ ಕೆಂಬಣ್ಣದ ಹಕ್ಕಿಗಳು ಮುಂಜಾನೆ ಸೇರಿ ನರ್ತಿಸುವ ತಾಣ ಅವರ ಜಮೀನಿನಲ್ಲಿತ್ತು. 2005ರ ವೇಳೆಗೆ ಅದನ್ನು ಪ್ರವಾಸಿಗರಿಗೆ ತೋರಿಸತೊಡಗಿದ ಪಾಜ್, ಕಾಲುದಾರಿಯಲ್ಲಿ ದೈತ್ಯ ಆಂಟ್‌ಪಿಟ್ಟಾವೊಂದು ಎರೆಹುಳು ಹೆಕ್ಕುವುದನ್ನು ಕಂಡರು. ಹುಳುಗಳನ್ನು ಹೆಕ್ಕಿ ತಂದು ಅದರತ್ತ ಎಸೆಯತೊಡಗಿದರು. ಮೊದಮೊದಲು ಓಡಿಹೋಗುತ್ತಿದ್ದ ಹಕ್ಕಿ ಕ್ರಮೇಣ ಕರೆದರೆ ಬರುವಂತಾಯಿತು. ಅದಕ್ಕೆ 'ಮರಿಯಾ' ಎಂದು ಹೆಸರಿಟ್ಟರು.

ಮುಂದೆ ಇತರ ಪ್ರಭೇದಗಳೂ ಅವರನ್ನು ನಂಬಿದವು. ಗುಬ್ಬಚ್ಚಿಗಿಂತ ಚಿಕ್ಕದಾದ, ಕಾವಿ ಎದೆಯ ಆಂಟ್‌ಪಿಟ್ಟಾ ತಲೆಯನ್ನು ಅಲುಗಿಸದೆ ಮೈಯನ್ನಷ್ಟೇ ಬಳುಕಿಸುವುದರಿಂದ ಅದಕ್ಕೆ ಗಾಯಕಿ ಶಕೀರಾಳ ಹೆಸರು ಬಂತು. ಮರ ಕಡಿದು ಬದುಕುತ್ತಿದ್ದ ಕುಟುಂಬಕ್ಕೆ ಮರ ಉಳಿಸುವುದೇ ಆದಾಯವಾಯಿತು. ಹಾಗೆ ರೂಪುಗೊಂಡ ತಾಣವೇ 'ರೆಫ್ಯೂಜಿಯೊ ಪಾಜ್ ದೆ ಲಾಸ್ ಆವೆಸ್'. ಸ್ಪ್ಯಾನಿಷ್‌ನಲ್ಲಿ 'ಪಾಜ್' ಎಂದರೆ ಶಾಂತಿ.

ದಕ್ಷಿಣ ಈಕ್ವೆಡಾರ್‌ನ ತಪಿಚಲಾಕದಲ್ಲಿಯೂ ಇಂತಹುದೇ ಕಥೆಯಿದೆ. 1997ರಲ್ಲಿ ಪಕ್ಷಿತಜ್ಞ ರಾಬರ್ಟ್ ರಿಜ್ಲಿ ಮತ್ತು ಸಂಗಡಿಗರು ಜೊಕೊಟೊಕೊ ಆಂಟ್‌ಪಿಟ್ಟಾವನ್ನು ಪತ್ತೆಹಚ್ಚಿದರು. ಮರುವರ್ಷವೇ ಅದರ ರಕ್ಷಣೆಗೆ ಜೊಕೊಟೊಕೊ ಪ್ರತಿಷ್ಠಾನ ಹುಟ್ಟಿಕೊಂಡಿತು. ಅಲ್ಲಿಯೂ ಎರೆಹುಳುವೇ ಹಕ್ಕಿಗೂ ಮನುಷ್ಯನಿಗೂ ನಡುವಣ ಸೇತುವೆ.

ಪ್ರಶ್ನೆಗಳೂ ಇವೆ

ಕಾಡುಹಕ್ಕಿಗೆ ಉಣಿಸು ನೀಡುವುದು ಸರಿಯೇ? ಅದು ಮನುಷ್ಯನ ಭಯ ಕಳೆದುಕೊಂಡರೆ ಬೇಟೆಗಾರನಿಗೂ ಸುಲಭದ ತುತ್ತಾಗದೇ? ಈ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಕಾವಲಿರುವ ಜಮೀನಿನಲ್ಲಿ, ಕಾಡಿನ ಉಳಿವಿಗೇ ಆಧಾರವಾಗುವ ರೀತಿಯಲ್ಲಿ ನಡೆದರೆ ಒಂದು ಬಗೆ. ಬಂದುಹೋಗುವ ಪ್ರವಾಸಿ ಚಿತ್ರದಾಸೆಗೆ ಹುಳು ಎಸೆದರೆ ಮತ್ತೊಂದು ಬಗೆ. ಚಿತ್ರದ ಅಡಿಬರಹದಲ್ಲಿ ಉಣಿಸಿನ ಸಂಗತಿಯನ್ನು ತಿಳಿಸುವುದಂತೂ ಪ್ರಾಮಾಣಿಕತೆ.

ಈ ಪಾಠ ಕರ್ನಾಟಕಕ್ಕೂ ಸಲ್ಲುತ್ತದೆ. ಬಾಬಾಬುಡನ್‌ಗಿರಿ ಮತ್ತು ಬ್ರಹ್ಮಗಿರಿಯ ಶೋಲಾ ಕಾಡುಗಳೂ ಮೋಡದ ಕಾಡುಗಳೇ. ಅಲ್ಲಿನ ನೆಲದ ಕತ್ತಲಲ್ಲಿ ನೀಲಗಿರಿ ಶೋಲಾಕಿಲಿ ಎಂಬ ಪುಟ್ಟ ನೀಲಿ ಹಕ್ಕಿಯಿದೆ. ಶೋಲಾಕಿಲಿಗಳಿಗಾಗಿ 'ಶೋಲಿಕೋಲಾ' ಎಂಬ ಪ್ರತ್ಯೇಕ ಕುಲವನ್ನು ವಿಜ್ಞಾನಿಗಳು ಹೆಸರಿಸಿದ್ದು 2017ರಲ್ಲಷ್ಟೇ. ಪಶ್ಚಿಮ ಘಟ್ಟದ ಹೊರಗೆ ಜಗತ್ತಿನಲ್ಲೆಲ್ಲೂ ಅವು ಇಲ್ಲ. ಅದರ ಚಿತ್ರಕ್ಕೆ ಹುಳುವೂ ಬೇಡ, ಧ್ವನಿಮುದ್ರಿಕೆಯೂ ಬೇಡ. ನಸುಕಿನಲ್ಲಿ ಕಾಡಿನಂಚಿಗೆ ಹೋಗಿ, ಮಾತಿಲ್ಲದೆ, ಅಲುಗದೆ ಕುಳಿತಿದ್ದರೆ ಹಕ್ಕಿಯೇ ಮೇವು ಹುಡುಕುತ್ತ ದಾರಿಗಿಳಿದೀತು. ಇಳಿಯದಿದ್ದರೂ ನಷ್ಟವಿಲ್ಲ; ಅಂದು ಹಕ್ಕಿ ತನ್ನ ಪಾಡಿಗೆ ತಾನು ಬದುಕಿತೆಂದರೆ ಸಾಕು. 'ತಾಳಿದವನು ಬಾಳಿಯಾನು' ಎಂಬ ಗಾದೆ ಮೋಡದ ಕಾಡಿನಲ್ಲಿ ಛಾಯಾಗ್ರಾಹಕನಿಗೂ ಹಕ್ಕಿಗೂ ಸಮನಾಗಿ ಅನ್ವಯಿಸುತ್ತದೆ.